ಶುಗರ್ ಮಾತ್ರೆ, ಇನ್ಸುಲಿನ್: ಡೋಸ್ ಏರಿಸುವ ಮೊದಲು ನೋಡಿಕೊಳ್ಳಬೇಕಾದದ್ದು

“ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಆದರೂ ಶುಗರ್ ಇಳಿಯುತ್ತಿಲ್ಲ.” ಮಧುಮೇಹ ಇರುವವರಿಂದ ಪದೇಪದೇ ಕೇಳಿಬರುವ ದೂರು ಇದು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಇರುವ ಮಾತ್ರೆಯ ಡೋಸ್ ಏರುತ್ತದೆ, ಇಲ್ಲವೇ ಇನ್ನೊಂದು ಮಾತ್ರೆ ಬಂದು ಸೇರುತ್ತದೆ. ಆದರೆ ಎಷ್ಟೋ ಸಲ ತೊಂದರೆ ಬೇರೆ ಕಡೆ ಇರುತ್ತದೆ. ಊಟಕ್ಕೆ ಮೊದಲು ನುಂಗಬೇಕಾದದ್ದನ್ನು ಊಟವಾದ ಮೇಲೆ ನುಂಗಿರುತ್ತಾರೆ. ಇನ್ಸುಲಿನ್ ಚುಚ್ಚುವ ಜಾಗ ಗಂಟುಕಟ್ಟಿರುತ್ತದೆ. ಕೀಲುನೋವಿಗೆಂದು ಕೊಟ್ಟ ಸ್ಟೀರಾಯ್ಡ್ ಶುಗರನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಡೋಸ್ ಬದಲಿಸುವುದು ವೈದ್ಯರಿಗೆ ಬಿಟ್ಟ ವಿಚಾರ. ಬರೆದುಕೊಟ್ಟ ಡೋಸ್ ಸರಿಯಾದ ಹೊತ್ತಿಗೆ, ಸರಿಯಾದ ರೀತಿಯಲ್ಲಿ ದೇಹ ಸೇರುವಂತೆ ನೋಡಿಕೊಳ್ಳುವುದು ಔಷಧಿ ತೆಗೆದುಕೊಳ್ಳುವವರ ಕೈಯಲ್ಲೇ ಇದೆ.

ಇಲ್ಲಿ ಬರುವ ಶುಗರ್ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ. ನಿಮ್ಮ ಮೀಟರ್ ಮಿಲಿಮೋಲ್‌ನಲ್ಲಿ ತೋರಿಸುತ್ತಿದ್ದರೆ ಆ ಅಂಕಿಯನ್ನು 18ರಿಂದ ಗುಣಿಸಿಕೊಳ್ಳಿ. ಗರ್ಭಿಣಿಯರಲ್ಲದ ಹೆಚ್ಚಿನ ವಯಸ್ಕರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟ ಶುರುಮಾಡಿದ ಎರಡು ಗಂಟೆಯ ಹೊತ್ತಿಗೆ 180ರ ಒಳಗೆ, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಶೇಕಡಾ 7ರ ಆಸುಪಾಸು ಎಂಬುದು ಸಾಮಾನ್ಯ ಗುರಿ. ವಯಸ್ಸಾಗಿ ಬೇರೆ ಕಾಯಿಲೆಗಳೂ ಇರುವವರಿಗೆ, ಪದೇಪದೇ ಲೋ ಶುಗರ್ ಆಗುವವರಿಗೆ ಶೇಕಡಾ 8ರವರೆಗೂ ಬಿಡುವುದುಂಟು. ಎಂಬತ್ತು ವರ್ಷದವರನ್ನು 6.5ಕ್ಕೆ ಇಳಿಸಿದ್ದೇವೆ ಎಂದು ಹೆಮ್ಮೆಪಡುವಂಥದ್ದೇನೂ ಇಲ್ಲ. ಅವರು ರಾತ್ರಿ ಲೋ ಆಗಿ ಬಿದ್ದು ಸೊಂಟ ಮುರಿದುಕೊಳ್ಳುವ ಅಪಾಯವೇ ದೊಡ್ಡದು.

ಮೊದಲು ಸ್ಟ್ರಿಪ್ ತಿರುಗಿಸಿ ಓದಿ

ಮನೆಯಲ್ಲಿರುವ ಶುಗರ್ ಔಷಧಿಗಳನ್ನೆಲ್ಲ ಒಂದೆಡೆ ಹರಡಿಕೊಳ್ಳಿ. ದಪ್ಪಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ನಮಗೆ ಬೇಕಾದದ್ದು ಸಣ್ಣಕ್ಷರದಲ್ಲಿರುವ ಔಷಧಿಯ ಮೂಲ ಹೆಸರು ಮತ್ತು ಅದರ ಮಿಲಿಗ್ರಾಂ. ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಡಿ.

ಇದನ್ನು ಮಾಡಿದ ಕೂಡಲೇ ಕೆಲವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಈಗಿನ ಮಾತ್ರೆಗಳಲ್ಲಿ ಬಹಳಷ್ಟು ಜೋಡಿ ಮಾತ್ರೆಗಳು: ಒಂದರೊಳಗೇ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಇನ್ನೊಂದರಲ್ಲಿ ಮೆಟ್‌ಫಾರ್ಮಿನ್ ಮತ್ತು ಸಿಟಾಗ್ಲಿಪ್ಟಿನ್. ಇಬ್ಬರು ವೈದ್ಯರ ಚೀಟಿ ಒಟ್ಟಿಗೆ ನಡೆಯುತ್ತಿದ್ದರೆ ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುತ್ತಿರುತ್ತದೆ. ಮೂಲ ಹೆಸರು ಬರೆದುಕೊಂಡರೆ ಮಾತ್ರ ಇದು ಗೊತ್ತಾಗುತ್ತದೆ.

ಹೆಸರಿನ ಬಾಲ ನೋಡಿದರೆ ಔಷಧಿಯ ಗುಂಪೂ ತಿಳಿಯುತ್ತದೆ. ‘ಗ್ಲಿಪ್ಟಿನ್’ ಎಂದು ಮುಗಿದರೆ ಡಿಪಿಪಿ4 ಗುಂಪು. ‘ಗ್ಲಿಫ್ಲೋಜಿನ್’ ಎಂದು ಮುಗಿದರೆ ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಎಸ್‌ಜಿಎಲ್‌ಟಿ2 ಗುಂಪು. ‘ಗ್ಲುಟೈಡ್’ ಎಂದು ಮುಗಿದರೆ ಜಿಎಲ್‌ಪಿ1 ಗುಂಪು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಇವು ಸಲ್ಫೊನಿಲ್‌ಯೂರಿಯಾಗಳು.

ಹೆಸರಿನ ಪಕ್ಕದಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್, ಎಂಆರ್ ಎಂಬ ಅಕ್ಷರಗಳಿದ್ದರೆ ಅದು ನಿಧಾನವಾಗಿ ಔಷಧಿ ಬಿಡುವ ಮಾತ್ರೆ. ಅಗಿಯಬಾರದು, ಪುಡಿಮಾಡಬಾರದು. ಮಧ್ಯದಲ್ಲಿ ಗೆರೆಯಿದ್ದು, ಮುರಿಯಬಹುದು ಎಂದು ತಯಾರಕರೇ ಹೇಳಿದ್ದರಷ್ಟೇ ಎರಡು ಮಾಡಿ. ಇಡೀ ದಿನಕ್ಕೆಂದು ಇಟ್ಟ ಔಷಧಿ ಒಂದೇ ಸಲಕ್ಕೆ ರಕ್ತಕ್ಕಿಳಿದರೆ ಆಗುವ ಅನಾಹುತಕ್ಕೆ ಮಾತ್ರೆ ದೊಡ್ಡದಾಗಿತ್ತು, ಗಂಟಲಲ್ಲಿ ಇಳಿಯಲಿಲ್ಲ ಎಂಬ ಕಾರಣ ಸಾಲದು. ನುಂಗಲು ಕಷ್ಟವಾದರೆ ಬೇರೆ ರೂಪದ ಔಷಧಿ ಕೇಳಿ.

ಲೋ ಮಾಡುವ ಔಷಧಿಗೆ ಗುರುತು ಹಾಕಿ

ಬರೆದಿಟ್ಟ ಹಾಳೆಯಲ್ಲಿ ಇನ್ಸುಲಿನ್, ಸಲ್ಫೊನಿಲ್‌ಯೂರಿಯಾ, ಅದರಂತೆಯೇ ದೇಹದಿಂದ ಇನ್ಸುಲಿನ್ ಹೊರಡಿಸುವ ರೆಪಾಗ್ಲಿನೈಡ್ ಈ ಮೂರರ ಪಕ್ಕ ಕೆಂಪು ಗುರುತು ಹಾಕಿ. ಶುಗರ್ ಎಷ್ಟೇ ಇರಲಿ, ಇವು ತಮ್ಮ ಕೆಲಸ ಮಾಡಿಯೇ ತೀರುತ್ತವೆ. ಊಟ ತಪ್ಪಿದರೆ ಶುಗರ್ 70ರ ಕೆಳಗಿಳಿಯುತ್ತದೆ. ಮೆಟ್‌ಫಾರ್ಮಿನ್, ಗ್ಲಿಪ್ಟಿನ್, ಗ್ಲಿಫ್ಲೋಜಿನ್, ಪಿಯೋಗ್ಲಿಟಾಜೋನ್, ಅಕಾರ್ಬೋಸ್, ಜಿಎಲ್‌ಪಿ1 ಇವು ಒಂಟಿಯಾಗಿದ್ದಾಗ ಲೋ ಮಾಡುವುದು ತೀರಾ ಅಪರೂಪ. ಕೆಂಪು ಗುರುತಿನ ಔಷಧಿಯ ಜೊತೆ ಸೇರಿದಾಗ ಮಾತ್ರ ಇವುಗಳಿಂದಲೂ ಲೋ ಹೆಚ್ಚುತ್ತದೆ. ಹಾಗಾಗಿ ಹೊಸ ಮಾತ್ರೆ ಸೇರಿಸುವಾಗ ಹಳೆಯ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಪ್ರಮಾಣ ತಗ್ಗಿಸಬೇಕೇ ಎಂದು ಅಲ್ಲೇ ಕೇಳಿಬಿಡಿ.

ಉಪವಾಸ, ತಡವಾದ ಊಟ, ದೂರದ ಪ್ರಯಾಣ, ವಾಂತಿ, ಮದ್ಯ: ಇವೆಲ್ಲ ಈ ಮೂರು ಔಷಧಿಗಳ ವಿಷಯದಲ್ಲೇ ಹೆಚ್ಚು ಅಪಾಯ ತರುವಂಥವು. ಮದ್ಯ ಯಕೃತ್ತಿನಿಂದ ಗ್ಲೂಕೋಸ್ ಬರುವುದನ್ನು ತಡೆಯುತ್ತದೆ. ಹೀಗಾಗಿ ಕುಡಿದ ಎಷ್ಟೋ ಗಂಟೆಗಳ ನಂತರ, ನಿದ್ದೆಯಲ್ಲಿ, ಲೋ ಆಗಬಹುದು. ನೋಡುವವರು ಅದನ್ನು ಅಮಲು ಎಂದುಕೊಂಡು ಸುಮ್ಮನಿರುತ್ತಾರೆ.

ಮೆಟ್‌ಫಾರ್ಮಿನ್

1957ರಲ್ಲಿ ಫ್ರಾನ್ಸಿನ ವೈದ್ಯ ಝಾನ್ ಸ್ಟೆರ್ನ್ ಮಧುಮೇಹಕ್ಕೆ ಇದನ್ನು ಬಳಸಿದ ಫಲಿತಾಂಶ ಪ್ರಕಟಿಸಿದರು. ಇಷ್ಟು ಹಳೆಯ ಮಾತ್ರೆ ಇಂದಿಗೂ ಟೈಪ್ 2 ಇರುವ ಹೆಚ್ಚಿನವರ ಚೀಟಿಯಲ್ಲಿ ಮೊದಲ ಸಾಲಿನಲ್ಲಿದೆ. ಯಕೃತ್ತು ರಾತ್ರಿಯಿಡೀ ರಕ್ತಕ್ಕೆ ಬಿಡುವ ಗ್ಲೂಕೋಸನ್ನು ಇದು ತಗ್ಗಿಸುತ್ತದೆ, ಆದ್ದರಿಂದ ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಮೇಲೆ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ.

ಶುರುಮಾಡುವ ರೀತಿಯಲ್ಲೇ ಅರ್ಧ ಗೆಲುವಿದೆ. 500 ಮಿ.ಗ್ರಾಂನಿಂದ, ಊಟದ ಮಧ್ಯೆ ಅಥವಾ ಊಟವಾದ ತಕ್ಷಣ ಆರಂಭಿಸಿ, ವಾರಕ್ಕೆ 500 ಮಿ.ಗ್ರಾಂನಂತೆ ಏರಿಸುತ್ತ ಹೋಗುವುದು ವಾಡಿಕೆ. ದಿನಕ್ಕೆ 2000 ಮಿ.ಗ್ರಾಂ ದಾಟಿದರೆ ಹೆಚ್ಚುವರಿ ಲಾಭ ಕಡಿಮೆ. ಮೊದಲ ದಿನವೇ 1000 ಮಿ.ಗ್ರಾಂ ಖಾಲಿ ಹೊಟ್ಟೆಗೆ ಬಿದ್ದರೆ ಭೇದಿ, ಹೊಟ್ಟೆ ತೊಳಸುವುದು ಗ್ಯಾರಂಟಿ ಎನ್ನಬಹುದು. ‘ನನಗೆ ಮೆಟ್‌ಫಾರ್ಮಿನ್ ಆಗಿಬರುವುದಿಲ್ಲ’ ಎನ್ನುವವರಲ್ಲಿ ಹಲವರು ಹೀಗೆ ಆರಂಭಿಸಿದವರೇ. ಇಂಥವರು ನಿಧಾನ ಬಿಡುಗಡೆಯ ಮಾತ್ರೆಯನ್ನು ರಾತ್ರಿ ಊಟದ ಜೊತೆ ಮತ್ತೊಮ್ಮೆ ಪ್ರಯತ್ನಿಸಬಹುದು. ಈ ಬಗೆಯ ಮಾತ್ರೆಯ ಹೊರಕವಚ ಕೆಲವೊಮ್ಮೆ ಮಲದಲ್ಲಿ ಇಡಿಯಾಗಿ ಕಾಣಿಸುತ್ತದೆ. ಔಷಧಿ ದೇಹ ಸೇರಿರುತ್ತದೆ, ಗಾಬರಿ ಬೇಡ.

ಮೂತ್ರಪಿಂಡದ ಶಕ್ತಿ ತೋರಿಸುವ ಇಜಿಎಫ್‌ಆರ್ ಅಂಕಿ ರಕ್ತಪರೀಕ್ಷೆಯ ವರದಿಯಲ್ಲಿ ಇರುತ್ತದೆ, ಹುಡುಕಿ ನೋಡಿ. ಅದು 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಸಲ್ಲದು. 30ರಿಂದ 45ರ ನಡುವೆ ಹೊಸದಾಗಿ ಆರಂಭಿಸುವುದಿಲ್ಲ; ಮೊದಲಿಂದ ತೆಗೆದುಕೊಳ್ಳುತ್ತಿರುವವರಿಗೆ ಸಾಮಾನ್ಯವಾಗಿ ಡೋಸ್ ಅರ್ಧಕ್ಕೆ ಇಳಿಸುತ್ತಾರೆ. ಮೂತ್ರಪಿಂಡ ಸೋತಾಗ ಔಷಧಿ ದೇಹದಲ್ಲೇ ಉಳಿದು ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವುದು ಅಪರೂಪದ, ಆದರೆ ಪ್ರಾಣಕ್ಕೇ ಕುತ್ತು ತರುವ ತೊಂದರೆ.

ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಇಳಿಯಬಹುದು. ಕಾಲು ಜೋಮು, ಅಂಗಾಲು ಉರಿ ಬಂದರೆ ಎಲ್ಲವನ್ನೂ ‘ಶುಗರ್ ನರ’ ಎಂದು ತಳ್ಳಿಹಾಕದೆ ಬಿ12 ಪರೀಕ್ಷೆ ಮಾಡಿಸಿ. ಕೊರತೆಯಿದ್ದರೆ ಅದನ್ನು ಸರಿಪಡಿಸುವುದು ಸುಲಭ, ಬಿಟ್ಟರೆ ನರಕ್ಕೆ ಆದ ಹಾನಿ ಉಳಿದುಬಿಡುತ್ತದೆ.

ಗ್ಲಿಮೆಪಿರೈಡ್ ಮತ್ತು ಅದರ ಬಳಗ

ಇವು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ. ಗ್ಲಿಮೆಪಿರೈಡ್ 1 ಅಥವಾ 2 ಮಿ.ಗ್ರಾಂನಿಂದ ಆರಂಭ, ದಿನದ ಮೊದಲ ದೊಡ್ಡ ಊಟದ ಜೊತೆ. ಸಾದಾ ಗ್ಲಿಪಿಜೈಡ್ ಊಟಕ್ಕೆ 30 ನಿಮಿಷ ಮೊದಲು. ನಿಧಾನ ಬಿಡುಗಡೆಯ ಗ್ಲಿಕ್ಲಾಜೈಡ್ ಬೆಳಗಿನ ತಿಂಡಿಯ ಜೊತೆ, 30ರಿಂದ 120 ಮಿ.ಗ್ರಾಂವರೆಗೆ. ತಿನ್ನುವುದಿಲ್ಲ ಎಂದರೆ ಮಾತ್ರೆಯೂ ಇಲ್ಲ. ಊಟವಾಗಿ ಎರಡು ಮೂರು ಗಂಟೆಯ ಮೇಲೆ ಮರೆತದ್ದು ನೆನಪಾದರೆ ಆ ಹೊತ್ತಿನದನ್ನು ಬಿಟ್ಟುಬಿಡಿ; ಮುಂದಿನ ಸಲ ಎರಡು ನುಂಗಬೇಡಿ.

ಗ್ಲಿಬೆನ್‌ಕ್ಲಮೈಡ್ ವಿಷಯದಲ್ಲಿ ಸ್ವಲ್ಪ ಕಟುವಾಗಿಯೇ ಹೇಳಬೇಕು: ವಯಸ್ಸಾದವರಿಗೂ ಮೂತ್ರಪಿಂಡ ದುರ್ಬಲವಾದವರಿಗೂ ಅದು ತಕ್ಕುದಲ್ಲ. ಅದರಿಂದಾಗುವ ಲೋ ಹೊತ್ತುಗಟ್ಟಲೆ ಮರುಕಳಿಸುತ್ತದೆ. ಮನೆಯ ಹಿರಿಯರ ಹಳೆಯ ಚೀಟಿಯಲ್ಲಿ ಆ ಹೆಸರಿದ್ದರೆ ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲ ಪ್ರಶ್ನೆಯಾಗಿ ಎತ್ತಿ.

ಈ ಗುಂಪಿನ ಮಾತ್ರೆ ನುಂಗುತ್ತಿರುವಾಗ ಫಂಗಸ್ ಸೋಂಕಿಗೆ ಫ್ಲುಕೊನಜೋಲ್, ಮೂತ್ರದ ಸೋಂಕಿಗೆ ಕೋಟ್ರಿಮೊಕ್ಸಜೋಲ್ ಅಥವಾ ಸಿಪ್ರೊಫ್ಲಾಕ್ಸಸಿನ್‌ನಂಥ ಆ್ಯಂಟಿಬಯೋಟಿಕ್ ಕೊಟ್ಟರೆ ಆ ದಿನಗಳಲ್ಲಿ ಮೀಟರ್ ಹೆಚ್ಚು ಬಳಸಿ. ಇವುಗಳಿಂದ ಲೋ ಬರುವುದುಂಟು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಲೋ ಆದಾಗಿನ ನಡುಕ, ಎದೆಬಡಿತ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ. ಕಾರಣವಿಲ್ಲದೆ ಬೆವರಿದರೆ ಶುಗರ್ ನೋಡಿ.

ಗ್ಲಿಫ್ಲೋಜಿನ್‌ಗಳು

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವು ಮೂತ್ರಪಿಂಡ ಗ್ಲೂಕೋಸನ್ನು ರಕ್ತಕ್ಕೆ ಮರಳಿಸದಂತೆ ತಡೆಯುತ್ತವೆ. ಆದ್ದರಿಂದ ಇವುಗಳನ್ನು ತೆಗೆದುಕೊಳ್ಳುವವರ ಮೂತ್ರಪರೀಕ್ಷೆಯಲ್ಲಿ ಸಕ್ಕರೆ ಯಾವಾಗಲೂ ಜೋರಾಗಿಯೇ ಕಾಣುತ್ತದೆ. ಅದು ಔಷಧಿ ಕೆಲಸ ಮಾಡುತ್ತಿರುವ ಗುರುತು. ಹೃದಯ ವೈಫಲ್ಯ ಇರುವವರಿಗೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರಿಗೆ ಇವು ಶುಗರ್ ಲೆಕ್ಕಕ್ಕಿಂತ ಆಚೆಗೂ ಲಾಭ ಕೊಡುತ್ತವೆ. ಇಜಿಎಫ್‌ಆರ್ 45ರ ಕೆಳಗೆ ಶುಗರ್ ಇಳಿಸುವ ಶಕ್ತಿ ಕುಂದಿದರೂ ಹೃದಯ, ಮೂತ್ರಪಿಂಡದ ರಕ್ಷಣೆಗೆಂದು ಮುಂದುವರಿಸುವುದು ಇದೇ ಕಾರಣಕ್ಕೆ.

ಬೆಳಗ್ಗೆ ತೆಗೆದುಕೊಂಡರೆ ರಾತ್ರಿ ಮೂತ್ರಕ್ಕೆ ಏಳುವ ಕಾಟ ಕಡಿಮೆ. ನೀರು ಸಾಕಷ್ಟು ಕುಡಿಯಿರಿ. ಗುಪ್ತಾಂಗದ ತುರಿಕೆ, ಬಿಳಿ ಸ್ರಾವ, ಗಂಡಸರಲ್ಲಿ ಮುಂದೊಗಲು ಕೆಂಪಾಗಿ ಬಿರಿಯುವುದು ಇದರ ಸಾಮಾನ್ಯ ತೊಂದರೆ. ಸಕ್ಕರೆ ತುಂಬಿದ ಮೂತ್ರ ಅಲ್ಲಿ ಉಳಿದರೆ ಫಂಗಸ್ ಬೆಳೆಯುತ್ತದೆ. ಪ್ರತಿ ಸಲ ನೀರಿನಿಂದ ತೊಳೆದು ಒರೆಸಿಕೊಂಡರೆ ಬಹುಪಾಲು ತಪ್ಪುತ್ತದೆ. ನಾಚಿಕೆಯಿಂದ ಹೇಳದೆ ಮಾತ್ರೆಯನ್ನೇ ನಿಲ್ಲಿಸಿಬಿಡುವವರೇ ಹೆಚ್ಚು. ಹೇಳಿದರೆ ಮುಲಾಮಿನಲ್ಲಿ ವಾಸಿಯಾಗುವಂಥದ್ದು. ಆ ಭಾಗದಲ್ಲಿ ತೀವ್ರ ನೋವು, ಊತ, ಜೊತೆಗೆ ಜ್ವರ ಬಂದರೆ ಮಾತ್ರ ಆಸ್ಪತ್ರೆಗೆ ತಕ್ಷಣ ಹೋಗಬೇಕು.

ದೊಡ್ಡ ಅಪಾಯ ಕೀಟೋಅಸಿಡೋಸಿಸ್, ಅಂದರೆ ದೇಹ ಕೊಬ್ಬು ಕರಗಿಸುವಾಗ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುವುದು. ಇಲ್ಲಿ ಮೋಸವೆಂದರೆ ಶುಗರ್ 200ರ ಒಳಗೇ ಇರುವಾಗಲೂ ರಕ್ತ ಆಮ್ಲೀಯವಾಗಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು ಕಂಡರೆ ‘ಮೀಟರ್ ಅಂಕಿ ಪರವಾಗಿಲ್ಲ’ ಎಂದು ಕೂರಬೇಡಿ. ಕೀಟೋನ್ ನೋಡಿಸಿ, ಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲು (ಎರ್ಟುಗ್ಲಿಫ್ಲೋಜಿನ್ ಆದರೆ 4 ದಿನ) ಇದನ್ನು ನಿಲ್ಲಿಸುತ್ತಾರೆ.

ಉಳಿದ ಮಾತ್ರೆಗಳು

ಗ್ಲಿಪ್ಟಿನ್‌ಗಳು ಸೌಮ್ಯ, ಊಟದ ಹಂಗಿಲ್ಲ. ಸಿಟಾಗ್ಲಿಪ್ಟಿನ್ ದಿನಕ್ಕೆ 100 ಮಿ.ಗ್ರಾಂ, ಇಜಿಎಫ್‌ಆರ್ 45ರ ಕೆಳಗೆ 50, 30ರ ಕೆಳಗೆ 25. ಲಿನಾಗ್ಲಿಪ್ಟಿನ್ 5 ಮಿ.ಗ್ರಾಂ ಮಾತ್ರ ಮೂತ್ರಪಿಂಡ ಹೇಗೇ ಇದ್ದರೂ ಬದಲಾಗುವುದಿಲ್ಲ. ಬೆನ್ನಿಗೆ ಹರಡುವ ತೀವ್ರ ಹೊಟ್ಟೆನೋವು ಬಂದರೆ ಮೇದೋಜೀರಕದ ಉರಿಯೂತ ಇರಬಹುದು, ಮಾತ್ರೆ ನಿಲ್ಲಿಸಿ ತೋರಿಸಿ. ಮೈಮೇಲೆ ನೀರುಗುಳ್ಳೆ ಎದ್ದರೂ ಹಾಗೆಯೇ.

ಪಿಯೋಗ್ಲಿಟಾಜೋನ್ ಪೂರ್ತಿ ಕೆಲಸ ತೋರಿಸಲು ಎರಡು ಮೂರು ತಿಂಗಳು ಬೇಕು. ಎರಡು ವಾರಕ್ಕೇ ‘ಪ್ರಯೋಜನವಿಲ್ಲ’ ಎಂದು ಬಿಡುವುದು ಅರ್ಥವಿಲ್ಲದ್ದು. ಕಾಲು ಊದಿದರೆ, ಕೆಲವೇ ದಿನಗಳಲ್ಲಿ ತೂಕ ಏರಿ ಉಸಿರು ಕಟ್ಟಿದರೆ ತಡಮಾಡಬೇಡಿ. ಹೃದಯ ವೈಫಲ್ಯ ಇರುವವರಿಗೆ ಇದು ಬೇಡ.

ಅಕಾರ್ಬೋಸ್, ವೋಗ್ಲಿಬೋಸ್ ಊಟದ ಮೊದಲ ತುತ್ತಿನ ಜೊತೆಯೇ ಹೋಗಬೇಕು. ಇವು ಕರುಳಿನಲ್ಲಿ ಪಿಷ್ಟ ಒಡೆಯುವುದನ್ನು ತಡೆಯುತ್ತವೆ, ಹಾಗಾಗಿ ಊಟ ಮುಗಿದ ಮೇಲೆ ನುಂಗಿದ ಮಾತ್ರೆ ದಂಡ. ಹೊಟ್ಟೆಯುಬ್ಬರ, ಗ್ಯಾಸ್ ಮೊದಲ ವಾರಗಳಲ್ಲಿ ಇದ್ದದ್ದೇ. ಇದರ ಜೊತೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಇರುವವರು ಒಂದು ಮಾತು ಮರೆಯಬಾರದು: ಲೋ ಆದರೆ ಸಾಮಾನ್ಯ ಸಕ್ಕರೆ ಬೇಗ ಕೆಲಸ ಮಾಡದು, ಏಕೆಂದರೆ ಅದು ಒಡೆಯುವುದನ್ನೇ ಈ ಮಾತ್ರೆ ತಡೆದಿರುತ್ತದೆ. ಗ್ಲೂಕೋಸ್ ಪುಡಿ ಅಥವಾ ಗ್ಲೂಕೋಸ್ ಮಾತ್ರೆಯೇ ಬೇಕು.

ವಾರದ ಚುಚ್ಚುಮದ್ದುಗಳು

ಸೆಮಾಗ್ಲುಟೈಡ್ ವಾರಕ್ಕೆ 0.25 ಮಿ.ಗ್ರಾಂನಿಂದ ಆರಂಭ. ನಾಲ್ಕು ವಾರ ಇದೇ ಡೋಸ್, ನಂತರ 0.5. ಆ ಮೊದಲ ಡೋಸ್ ಶುಗರ್ ಇಳಿಸಲು ಕೊಡುವುದಲ್ಲ, ಹೊಟ್ಟೆಗೆ ಒಗ್ಗಿಸಲು. ಶುಗರ್ ಇಳಿಯಲಿಲ್ಲವೆಂದು ಅವಸರದಲ್ಲಿ ಏರಿಸಿದರೆ ವಾಂತಿ ಶುರುವಾಗುತ್ತದೆ. ಇದೇ ಬಗೆಯ ಇನ್ನೊಂದು ವಾರದ ಚುಚ್ಚುಮದ್ದು ಟಿರ್ಜೆಪಟೈಡ್ ಕೂಡ ಹೀಗೆಯೇ: 2.5 ಮಿ.ಗ್ರಾಂ ನಾಲ್ಕು ವಾರ, ಆಮೇಲೆ 5. ವಾಕರಿಕೆ ತಗ್ಗಬೇಕಾದರೆ ಸ್ವಲ್ಪ ಸ್ವಲ್ಪವೇ ತಿನ್ನಿ, ಹೊಟ್ಟೆ ತುಂಬಿತೆನಿಸಿದ ಕೂಡಲೇ ನಿಲ್ಲಿಸಿ, ಕರಿದದ್ದನ್ನು ಬಿಡಿ.

ವಾರದ ದಿನ ಮರೆತರೆ ಸೆಮಾಗ್ಲುಟೈಡ್ 5 ದಿನದೊಳಗೆ, ಟಿರ್ಜೆಪಟೈಡ್ 4 ದಿನದೊಳಗೆ ನೆನಪಾದಾಗ ಹಾಕಿಕೊಳ್ಳಬಹುದು. ಅದಕ್ಕೂ ತಡವಾದರೆ ಬಿಟ್ಟು, ಮುಂದಿನ ನಿಗದಿತ ದಿನಕ್ಕೆ ಕಾಯಿರಿ. ಡುಲಾಗ್ಲುಟೈಡ್‌ನಲ್ಲಿ ಲೆಕ್ಕ ತಿರುಗುಮುರುಗು: ಮುಂದಿನ ಡೋಸಿಗೆ ಕನಿಷ್ಠ 3 ದಿನ ಉಳಿದಿರಬೇಕು.

ಸೆಮಾಗ್ಲುಟೈಡ್ ಮಾತ್ರೆಯ ರೂಪದಲ್ಲೂ ಇದೆ. ಅದನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, 120 ಮಿ.ಲೀ. ಮೀರದ ನೀರಿನಲ್ಲಿ ನುಂಗಿ, 30 ನಿಮಿಷ ಏನನ್ನೂ ತಿನ್ನದೆ, ಕುಡಿಯದೆ, ಬೇರೆ ಮಾತ್ರೆಯನ್ನೂ ನುಂಗದೆ ಇರಬೇಕು. ಕಾಫಿಯ ಜೊತೆ ನುಂಗಿದರೆ ದೇಹಕ್ಕೆ ಸೇರುವುದು ಅತ್ಯಲ್ಪ.

ಥೈರಾಯ್ಡಿನ ಮೆಡುಲರಿ ಕ್ಯಾನ್ಸರ್ ತಮಗೆ ಅಥವಾ ಮನೆತನದಲ್ಲಿ ಬಂದವರಿಗೆ ಈ ಗುಂಪು ಸಲ್ಲದು. ಕಣ್ಣಿನ ರೆಟಿನಾ ತೊಂದರೆ ಇರುವವರು ಸೆಮಾಗ್ಲುಟೈಡ್ ಆರಂಭಕ್ಕೆ ಮೊದಲು ಕಣ್ಣು ತೋರಿಸಿಕೊಳ್ಳಲಿ, ಏಕೆಂದರೆ ಶುಗರ್ ಥಟ್ಟನೆ ಇಳಿದಾಗ ಅದು ಕೆಲಕಾಲ ಕೆರಳಬಹುದು. ಗ್ಲಿಪ್ಟಿನ್ ಮಾತ್ರೆಯನ್ನೂ ಇದನ್ನೂ ಒಟ್ಟಿಗೆ ನಡೆಸುವುದರಲ್ಲಿ ಲಾಭವಿಲ್ಲ. ಎರಡೂ ಒಂದೇ ದಾರಿಯಲ್ಲಿ ಕೆಲಸ ಮಾಡುವಂಥವು.

ಇನ್ಸುಲಿನ್: ಕೈಚಳಕವೇ ಮುಖ್ಯ

ಟೈಪ್ 1 ಇರುವವರಿಗೆ ಇನ್ಸುಲಿನ್‌ಗೆ ಬದಲಿ ಇಲ್ಲ, ಒಂದು ದಿನವೂ ನಿಲ್ಲಿಸುವಂತಿಲ್ಲ. ಟೈಪ್ 2ರಲ್ಲಿ ಸಾಮಾನ್ಯವಾಗಿ ದಿನಕ್ಕೊಮ್ಮೆಯ ದೀರ್ಘಾವಧಿ ಇನ್ಸುಲಿನ್ 10 ಯೂನಿಟ್‌ನಿಂದ, ಅಥವಾ ತೂಕದ ಕಿಲೋಗೆ 0.1ರಿಂದ 0.2 ಯೂನಿಟ್ ಲೆಕ್ಕದಲ್ಲಿ ಆರಂಭಿಸಿ, ಬೆಳಗಿನ ಶುಗರ್ ಗುರಿಗೆ ಬರುವವರೆಗೆ 3 ದಿನಕ್ಕೆ 2 ಯೂನಿಟ್‌ನಂತೆ ಏರಿಸುತ್ತಾರೆ. ಲೋ ಆದರೆ ಶೇಕಡಾ 10ರಿಂದ 20ರಷ್ಟು ಇಳಿಸುತ್ತಾರೆ. ಕಿಲೋಗೆ 0.5 ಯೂನಿಟ್ ದಾಟಿದರೂ ಎಚ್‌ಬಿಎ1ಸಿ ಇಳಿಯದಿದ್ದರೆ ಸಮಸ್ಯೆ ಊಟದ ನಂತರದ ಶುಗರ್‌ನಲ್ಲಿದೆ ಎಂದರ್ಥ. ಆಗಲೂ ರಾತ್ರಿಯ ಇನ್ಸುಲಿನ್ನನ್ನೇ ಏರಿಸುತ್ತ ಹೋದರೆ ಸಿಗುವುದು ಬೆಳಗಿನ ಜಾವದ ಲೋ ಮಾತ್ರ.

ಇನ್ಸುಲಿನ್ ಯಾವಾಗ ಹಾಕಿಕೊಳ್ಳಬೇಕೆಂಬುದು ಅದರ ಬಗೆಯನ್ನು ಅವಲಂಬಿಸಿದೆ. ಬೇಗ ಕೆಲಸ ಮಾಡುವ ಲಿಸ್‌ಪ್ರೊ, ಆಸ್ಪಾರ್ಟ್ ಊಟಕ್ಕೆ ಮೊದಲಿನ 15 ನಿಮಿಷದೊಳಗೆ. ಸಾದಾ ರೆಗ್ಯುಲರ್ ಇನ್ಸುಲಿನ್ 30 ನಿಮಿಷ ಮೊದಲು. ರೆಗ್ಯುಲರ್ ಮತ್ತು ನಿಧಾನವಾಗಿ ಕೆಲಸ ಮಾಡುವ ಎನ್‌ಪಿಎಚ್ ಬೆರೆತ 30/70 ಇನ್ಸುಲಿನ್ ಕೂಡ 30 ನಿಮಿಷ ಮೊದಲೇ. ಇದನ್ನು ಹಾಕಿಕೊಂಡು ಕೂಡಲೇ ಊಟಕ್ಕೆ ಕೂತರೆ ಅನ್ನದ ಸಕ್ಕರೆ ಮೊದಲು ಏರುತ್ತದೆ, ಇನ್ಸುಲಿನ್ ಆಮೇಲೆ ಬಂದು ಮುಂದಿನ ಊಟಕ್ಕೆ ಮೊದಲು ಲೋ ಮಾಡುತ್ತದೆ. ದೀರ್ಘಾವಧಿಯ ಗ್ಲಾರ್ಜಿನ್, ಡೆಗ್ಲುಡೆಕ್‌ಗೆ ಊಟದ ನಂಟಿಲ್ಲ. ದಿನಾ ಒಂದೇ ಹೊತ್ತು ಇಟ್ಟುಕೊಂಡರೆ ಸಾಕು. ಗ್ಲಾರ್ಜಿನ್ ಅನ್ನು ಇನ್ನೊಂದರ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು.

ಬಾಟಲಿ ಮತ್ತು ಸಿರಿಂಜ್ ಬಳಸುವವರು ಅಂಗಡಿಯಲ್ಲೇ ಒಂದು ವಿಷಯ ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ಬಾಟಲಿಗಳು ಯು-40 ಮತ್ತು ಯು-100 ಎಂದು ಎರಡು ಸಾಂದ್ರತೆಗಳಲ್ಲಿ ಸಿಗುವ ಕಡೆಗಳಲ್ಲಿ ಸಿರಿಂಜುಗಳೂ ಎರಡು ಬಗೆ. ಯು-100 ಬಾಟಲಿಯಿಂದ ಯು-40 ಸಿರಿಂಜಿನ 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ತಿರುಗಿಸಿ ಮಾಡಿದರೆ ಹೋಗುವುದು ಬರೀ 4. ಮೊದಲನೆಯದು ಪ್ರಜ್ಞೆ ತಪ್ಪಿಸುತ್ತದೆ, ಎರಡನೆಯದರಿಂದ ‘ಇನ್ಸುಲಿನ್ ಹಾಕಿದರೂ ಶುಗರ್ ಇಳಿಯುತ್ತಿಲ್ಲ’ ಎಂಬ ದೂರು ಹುಟ್ಟುತ್ತದೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಒಂದೇ ಇರಬೇಕು.

ಪೆನ್ನಿನಲ್ಲಿ ಹಾಕಿಕೊಳ್ಳುವ ಕ್ರಮ:

1. ಕೈ ತೊಳೆದುಕೊಳ್ಳಿ. ಹಾಲಿನಂತೆ ಮಬ್ಬಾಗಿರುವ ಇನ್ಸುಲಿನ್ ಆದರೆ ಪೆನ್ನನ್ನು ಅಂಗೈಗಳ ನಡುವೆ 10 ಸಲ ಉರುಳಿಸಿ, 10 ಸಲ ಮೇಲೆ ಕೆಳಗೆ ಮಗುಚಿ. ಕುಲುಕಬೇಡಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಕಣಗಳು ತೇಲುತ್ತಿದ್ದರೆ ಬಿಸಾಡಿ.
2. ಹೊಸ ಸೂಜಿ ಹಾಕಿ. 4 ಮಿ.ಮೀ. ಸೂಜಿ ತೆಳ್ಳಗಿನವರಿಗೂ ದಪ್ಪಗಿನವರಿಗೂ ಸಾಕು.
3. 2 ಯೂನಿಟ್ ತಿರುಗಿಸಿ, ಸೂಜಿ ಮೇಲ್ಮುಖವಾಗಿ ಹಿಡಿದು ಒತ್ತಿ. ತುದಿಯಲ್ಲಿ ಹನಿ ಕಂಡರೆ ಸರಿ, ಕಾಣದಿದ್ದರೆ ಮತ್ತೊಮ್ಮೆ. ಈ ಹಂತ ಬಿಟ್ಟರೆ ಗಾಳಿಯೇ ಡೋಸಾಗಿ ಹೋಗಬಹುದು.
4. ನಿಮ್ಮ ಡೋಸ್ ತಿರುಗಿಸಿ, ನೇರವಾಗಿ ಚುಚ್ಚಿ, ಗುಂಡಿ ಪೂರ್ತಿ ಒತ್ತಿ. ಒತ್ತಿದ ಬೆರಳು ತೆಗೆಯದೆ 10ರವರೆಗೆ ನಿಧಾನ ಎಣಿಸಿ ಆಮೇಲೆ ಸೂಜಿ ಹೊರಗೆಳೆಯಿರಿ. ಬೇಗ ಎಳೆದರೆ ಚರ್ಮದ ಮೇಲೆ ಹನಿ ಉಳಿಯುತ್ತದೆ. ಅಷ್ಟೂ ಡೋಸ್ ನಷ್ಟ.
5. ಸೂಜಿ ತೆಗೆದು ಗಟ್ಟಿ ಡಬ್ಬಿಗೆ ಹಾಕಿ. ಪೆನ್ನಿನಲ್ಲೇ ಬಿಟ್ಟರೆ ಇನ್ಸುಲಿನ್ ಸೋರುತ್ತದೆ, ಗಾಳಿ ಒಳಸೇರುತ್ತದೆ. ಸೂಜಿ ಬದಲಿಸಿದರೂ ಒಬ್ಬರ ಪೆನ್ ಇನ್ನೊಬ್ಬರು ಬಳಸಬಾರದು.

ಹೊಕ್ಕುಳ ಸುತ್ತ ಎರಡು ಬೆರಳಷ್ಟು ಜಾಗ ಬಿಟ್ಟು ಹೊಟ್ಟೆ, ತೊಡೆಯ ಹೊರಭಾಗ, ಪಿರ್ರೆ: ಜಾಗ ಬದಲಿಸುತ್ತಿರಿ, ಹಿಂದಿನ ಚುಚ್ಚಿಗಿಂತ ಒಂದು ಬೆರಳಗಲ ದೂರವಿರಲಿ. ನೋವಿಲ್ಲವೆಂದು ಒಂದೇ ಕಡೆ ಚುಚ್ಚುವವರಿಗೆ ಅಲ್ಲಿ ಕೊಬ್ಬಿನ ಗಂಟು ಬೆಳೆಯುತ್ತದೆ. ನೋವಿಲ್ಲದ್ದೇ ಗಂಟಿನ ಲಕ್ಷಣ. ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ತಡವಾಗಿ, ಇನ್ನೊಂದು ದಿನ ಬೇಗ ರಕ್ತ ಸೇರುತ್ತದೆ. ಶುಗರ್ ಒಮ್ಮೆ 300, ಒಮ್ಮೆ 60 ಎಂದು ಕುಣಿಯಲು ಇದು ಸಾಮಾನ್ಯ ಕಾರಣ. ವಾರಕ್ಕೊಮ್ಮೆ ಬೆರಳಿನಿಂದ ಒತ್ತಿ ನೋಡಿ. ಗಂಟು ಸಿಕ್ಕಿದರೆ ಜಾಗ ಬದಲಿಸಲೇಬೇಕು. ಆದರೆ ಬದಲಿಸಿದ ದಿನವೇ ಹಳೆಯ ಡೋಸ್ ಪೂರ್ತಿ ಒಳಗೆ ಹೋಗಿ ಲೋ ಆಗಬಹುದಾದ್ದರಿಂದ ಡೋಸ್ ಎಷ್ಟು ತಗ್ಗಿಸಬೇಕೆಂದು ಮೊದಲೇ ಕೇಳಿ.

ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ, ಫ್ರೀಜರಿನ ಹತ್ತಿರ ಬೇಡ. ಒಮ್ಮೆ ಗಡ್ಡೆಕಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಬಳಸುತ್ತಿರುವುದನ್ನು ಬಿಸಿಲು ತಾಗದ ತಂಪು ಜಾಗದಲ್ಲಿ ಇಟ್ಟು, ಹೆಚ್ಚಿನವನ್ನು 28 ದಿನಕ್ಕೆ ಬಿಸಾಡಬೇಕು. ತೆರೆದ ತಾರೀಖನ್ನು ಪೆನ್ನಿನ ಮೇಲೆ ಬರೆಯಿರಿ. ನಿಲ್ಲಿಸಿದ ಕಾರು ಇನ್ಸುಲಿನ್ನಿಗೆ ಮಾರಕ. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ.

ಲೋ ಆದರೆ

ನಡುಕ, ಬೆವರು, ಹಸಿವು, ಮಂಕು, ಕಾರಣವಿಲ್ಲದ ಸಿಡುಕು. ಮೀಟರ್ 70ರ ಕೆಳಗೆ ತೋರಿಸಿದರೆ, ಅಥವಾ ಮೀಟರ್ ಕೈಗೆ ಸಿಗದಿದ್ದರೆ ಕಾಯದೆ, 15 ಗ್ರಾಂ ಗ್ಲೂಕೋಸ್ ಬೇಕು: 4 ಗ್ರಾಂನ ಗ್ಲೂಕೋಸ್ ಮಾತ್ರೆ ನಾಲ್ಕು, ಇಲ್ಲವೇ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಮೂರು ನಾಲ್ಕು ಚಹಾ ಚಮಚ ನೀರಿನಲ್ಲಿ ಕದಡಿ, ಇಲ್ಲವೇ 150 ಮಿ.ಲೀ. ಹಣ್ಣಿನ ರಸ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70ರ ಕೆಳಗಿದ್ದರೆ ಅಷ್ಟೇ ಮತ್ತೊಮ್ಮೆ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ನಿಧಾನಿಸುತ್ತದೆ. ಶುಗರ್ ಏರಿದ ಮೇಲೆ, ಮುಂದಿನ ಊಟ ದೂರವಿದ್ದರೆ ಏನಾದರೂ ತಿನ್ನಿ.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಜೇನು ಕೂಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಶುಗರ್ ಏರಿಸುವ ಔಷಧಿಯಾದ ಗ್ಲುಕಗಾನ್ ಇದ್ದರೆ 1 ಮಿ.ಗ್ರಾಂ ಚುಚ್ಚುಮದ್ದು ಅಥವಾ 3 ಮಿ.ಗ್ರಾಂ ಮೂಗಿನ ಪುಡಿ ಕೊಟ್ಟು ಆಂಬುಲೆನ್ಸ್ ಕರೆಯಿರಿ. ಸಲ್ಫೊನಿಲ್‌ಯೂರಿಯಾದಿಂದ ತೀವ್ರ ಲೋ ಆದವರು ಚೇತರಿಸಿಕೊಂಡರೂ ಮನೆಗೆ ಅವಸರಪಡಬಾರದು. ಮಾತ್ರೆ ಇನ್ನೂ ದೇಹದಲ್ಲಿದ್ದು ಗಂಟೆಗಳ ನಂತರ ಮತ್ತೆ ಕೆಡವುತ್ತದೆ, ಆದ್ದರಿಂದ ಒಂದು ದಿನ ಆಸ್ಪತ್ರೆಯ ನಿಗಾ ಬೇಕಾಗಬಹುದು.

ಜ್ವರ, ವಾಂತಿ, ಸ್ಕ್ಯಾನ್, ಬಸಿರು

ವಾಂತಿ ಭೇದಿಯಿಂದ ನೀರು ಕಳೆದುಕೊಳ್ಳುತ್ತಿರುವ ದಿನಗಳಲ್ಲಿ ಮೆಟ್‌ಫಾರ್ಮಿನ್ ಮತ್ತು ಗ್ಲಿಫ್ಲೋಜಿನ್ ನಿಲ್ಲಿಸುವುದು ಸಾಮಾನ್ಯ ಸಲಹೆ. ಸರಿಯಾಗಿ ತಿಂದು ಕುಡಿಯಲಾರಂಭಿಸಿದ ಒಂದೆರಡು ದಿನಕ್ಕೆ ಮತ್ತೆ ಶುರು. ಇನ್ಸುಲಿನ್ ವಿಷಯ ಉಲ್ಟಾ. ‘ಏನೂ ತಿಂದಿಲ್ಲ, ಇನ್ಸುಲಿನ್ ಯಾಕೆ’ ಎಂದು ಟೈಪ್ 1 ಇರುವವರು ನಿಲ್ಲಿಸಿದರೆ ಗಂಟೆಗಳಲ್ಲೇ ಕೀಟೋನ್ ಏರುತ್ತದೆ. ಜ್ವರದಲ್ಲಿ ತಿನ್ನದಿದ್ದರೂ ಶುಗರ್ ಏರುವುದುಂಟು. ಎರಡರಿಂದ ನಾಲ್ಕು ಗಂಟೆಗೊಮ್ಮೆ ಶುಗರ್, ಜೊತೆಗೆ ಕೀಟೋನ್ ನೋಡುತ್ತಿರಬೇಕು.

ಅಯೋಡಿನ್ ಬಣ್ಣ ಚುಚ್ಚಿ ಮಾಡುವ ಸಿಟಿ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ಇದ್ದರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲೇ ತಿಳಿಸಿ. ಮೂತ್ರಪಿಂಡ ದುರ್ಬಲವಿರುವವರಿಗೆ ಅದನ್ನು ನಿಲ್ಲಿಸಿ, 48 ಗಂಟೆಯ ನಂತರ ಪರೀಕ್ಷೆ ನೋಡಿ ಮತ್ತೆ ಆರಂಭಿಸುತ್ತಾರೆ.

ಬಸಿರಿಗೆ ಯೋಚಿಸುತ್ತಿರುವವರು ಮುಂಚಿತವಾಗಿಯೇ ಹೇಳಬೇಕು. ಬಸಿರಿನಲ್ಲಿ ಇನ್ಸುಲಿನ್ನೇ ಮೊದಲ ಆಯ್ಕೆ. ಸೆಮಾಗ್ಲುಟೈಡ್ ಕನಿಷ್ಠ 2 ತಿಂಗಳು ಮೊದಲೇ ನಿಂತಿರಬೇಕು.

ಆದರೂ ಇಳಿಯದಿದ್ದರೆ

ಮೂರು ದಿನ ನಾಲ್ಕು ಹೊತ್ತು ಶುಗರ್ ನೋಡಿ ಬರೆಯಿರಿ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮೂರೂ ಊಟಗಳ ಎರಡು ಗಂಟೆಯ ನಂತರ. ಬರೀ ಬೆಳಗಿನದು ಹೆಚ್ಚಿದ್ದರೆ ಒಂದು ರಾತ್ರಿ 3 ಗಂಟೆಗೆ ಎದ್ದು ನೋಡಿ. ಆಗ ಲೋ ಇದ್ದರೆ ರಾತ್ರಿಯ ಡೋಸ್ ಜಾಸ್ತಿಯಾಗಿದೆ, ಆಗಲೂ ಹೆಚ್ಚಿದ್ದರೆ ಸಾಲದಾಗಿದೆ. ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನದಿಂದ ಸಂಜೆವರೆಗೆ ಏರುತ್ತಿದ್ದರೆ ಬೆಳಗ್ಗೆ ನುಂಗುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಇದೆಯೇ ಎಂದು ಹುಡುಕಿ. ಕೀಲಿಗೆ ಚುಚ್ಚಿದ ಸ್ಟೀರಾಯ್ಡ್ ಕೂಡ ಕೆಲವು ದಿನ ಶುಗರ್ ಏರಿಸುತ್ತದೆ. ಬೆರಳಿನಲ್ಲಿ ಹಣ್ಣಿನ ರಸ ಅಂಟಿದ್ದರೂ ಮೀಟರ್ ಸುಳ್ಳು ಹೇಳುತ್ತದೆ. ಕೈ ತೊಳೆದು ಒರೆಸಿ ಮತ್ತೆ ನೋಡಿ. ಮೀಟರ್ ಅಂಕಿ ಚೆನ್ನಾಗಿದ್ದು ಎಚ್‌ಬಿಎ1ಸಿ ಹೊಂದದಿದ್ದರೆ ರಕ್ತಹೀನತೆ ಕಾರಣವಿರಬಹುದು: ಕಬ್ಬಿಣದ ಕೊರತೆ ಅದನ್ನು ಏರಿಸಿ ತೋರಿಸುತ್ತದೆ, ಇತ್ತೀಚೆಗೆ ಆದ ರಕ್ತಸ್ರಾವ ಇಳಿಸಿ ತೋರಿಸುತ್ತದೆ.

ಎಚ್‌ಬಿಎ1ಸಿ ಎರಡು ಮೂರು ತಿಂಗಳ ಲೆಕ್ಕ ಹೇಳುವುದರಿಂದ ಡೋಸ್ ಬದಲಿಸಿದ 3 ತಿಂಗಳಿಗೆ ಮಾಡಿಸಿದರೆ ಸಾಕು. ಗುರಿಯಲ್ಲಿರುವವರಿಗೆ ವರ್ಷಕ್ಕೆ ಎರಡು ಸಲ. ಇಜಿಎಫ್‌ಆರ್ ಮತ್ತು ಮೂತ್ರದ ಅಲ್ಬುಮಿನ್ ವರ್ಷಕ್ಕೊಮ್ಮೆಯಾದರೂ ಆಗಬೇಕು. ಇಜಿಎಫ್‌ಆರ್ 60ರ ಕೆಳಗಿಳಿದವರಿಗೆ ಇನ್ನೂ ಬೇಗ ಬೇಗ. ಆ ವರದಿ ಬಂದ ದಿನ ಮೊದಲು ಬರೆದಿಟ್ಟ ಹಾಳೆ ತೆಗೆದು ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್, ಸಲ್ಫೊನಿಲ್‌ಯೂರಿಯಾಗಳ ಡೋಸ್ ಹೊಸ ಅಂಕಿಗೆ ಹೊಂದುತ್ತದೆಯೇ ಎಂದು ವೈದ್ಯರ ಎದುರೇ ಒಂದೊಂದಾಗಿ ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರೂ ಈ ಅಂಕಿ ನೋಡಬೇಕು: ಮೂತ್ರಪಿಂಡ ಕುಗ್ಗಿದಂತೆ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಇಷ್ಟು ದಿನ ಸರಿಯಿದ್ದ ಡೋಸೇ ಲೋ ಮಾಡತೊಡಗುತ್ತದೆ.